ಥೋರೆನ್ಸ್ ಟಿಡಿ 160: ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದ ಮೇಲೆ

ಈ ಟರ್ನ್‌ಟೇಬಲ್ (ಎಲ್‌ಪಿ ರೆಕಾರ್ಡ್ ತಿರುಗಿಸೋ ಮಷೀನ್) ನನ್ನ ಹತ್ರ ಬಂದು ಒಂದೂವರೆ ವರ್ಷ ಆಯ್ತು. ಅಷ್ಟರಲ್ಲಿ ಪೂರ್ತಿ ಬಿಚ್ಚಿ ಜೋಡಿಸಿದ್ದು ಎರಡು ಸಲ, ಅರ್ಧ ಬಿಚ್ಚಿ ಮುಚ್ಚಿದ್ದು ಎಷ್ಟು ಸಲವೋ. ಹಳೇ ಬೆಲ್ಟ್ ಡ್ರೈವ್, ಅಂದ್ರೆ ಮೋಟರ್ ಬೆಲ್ಟಿನ ಮೂಲಕ ತಿರುಗಿಸೋ ಟರ್ನ್‌ಟೇಬಲ್ ಒಂದನ್ನ ತಗೊಂಡು ಕೈಯಾರೆ ರಿಪೇರಿ ಮಾಡ್ಕೋಬೇಕು ಅಂತಿರೋರಿಗೆ ಇದಕ್ಕಿಂತ ಒಳ್ಳೇ ಮಷೀನ್ ನಾನು ನೋಡಿಲ್ಲ. ಆದ್ರೆ ಒಂದು ಮಾತು, ಮಾಡಿಫೈ ಮಾಡೋಕೆ ಮುಂಚೆ ಇದು ಹೊಸದಾಗಿದ್ದಾಗ ಹೇಗೆ ಓಡ್ತಿತ್ತೋ ಆ ಸ್ಥಿತಿಗೆ ತಂದು, ಕಡೇಪಕ್ಷ ಒಂದು ತಿಂಗಳು ಕೇಳಿ. ನಾನು ಮಾಡಿದ ಬದಲಾವಣೆಗಳಲ್ಲಿ ಕಿವಿಗೆ ಢಾಳಾಗಿ ಗೊತ್ತಾಗಿದ್ದೆಲ್ಲ ಒರೆಸಿದ್ದು, ಎಣ್ಣೆ ಬಿಟ್ಟಿದ್ದು, ಸ್ಪ್ರಿಂಗ್ ಸರಿಮಾಡಿದ್ದು, ಇಷ್ಟೇ.

ಟಿಡಿ 160 ಬಂದಿದ್ದು 1972ರಲ್ಲಿ. ಥೋರೆನ್ಸ್ ಸ್ವಿಟ್ಜರ್ಲೆಂಡಿನಲ್ಲಿ 1883ರಲ್ಲಿ ಶುರುವಾದ ಕಂಪನಿ, ಮೊದಮೊದಲು ಮ್ಯೂಸಿಕ್ ಬಾಕ್ಸ್ ಮಾಡ್ತಿದ್ದೋರು. ಇದರೊಳಗಿನ ಐಡಿಯಾ ಮಾತ್ರ ಎಡ್ಗರ್ ವಿಲ್ಚರ್ 1961ರಲ್ಲಿ ಅಕೌಸ್ಟಿಕ್ ರಿಸರ್ಚ್ ಕಂಪನಿಗೆ ಮಾಡಿದ ಟರ್ನ್‌ಟೇಬಲ್‌ನದ್ದು. ಮೋಟರ್ ಮೇಲಿನ ಪ್ಲೇಟಿಗೆ ಬಿಗಿದಿರುತ್ತೆ, ಪ್ಲ್ಯಾಟರ್ರೂ (ರೆಕಾರ್ಡ್ ಕೂರೋ ತಿರುಗೋ ತಟ್ಟೆ) ಆರ್ಮೂ (ಸೂಜಿ ಹಿಡಿದಿರೋ ತೋಳು) ಎರಡೂ ಬೇರೇನೇ ಒಂದು ಸಬ್‌ಚಾಸಿ, ಅಂದ್ರೆ ಒಳಚೌಕಟ್ಟಿನ ಮೇಲೆ ಕೂತು ಮೂರು ಸ್ಪ್ರಿಂಗ್ ಮೇಲೆ ತೂಗ್ತಿರುತ್ವೆ. ಪ್ಲಿಂತ್ (ಹೊರಗಿನ ಪೆಟ್ಟಿಗೆ) ಸ್ವಲ್ಪ ಅಲ್ಲಾಡಿದ್ರೂ ಅವೆರಡೂ ಜೊತೆಗೇ ಅಲ್ಲಾಡೋದ್ರಿಂದ ಸೂಜಿಗೂ ರೆಕಾರ್ಡಿನ ಗೀರಿಗೂ ಇರೋ ಸಂಬಂಧ ಕೆಡಲ್ಲ. ಮೋಟರಿನ ನಡುಕ ದಾಟಿ ಬರೋಕೆ ಇರೋ ದಾರಿ ಒಂದು ರಬ್ಬರ್ ಬೆಲ್ಟು, ಇಲ್ಲಾ ಆ ಸ್ಪ್ರಿಂಗುಗಳು, ಎರಡೂ ಅದನ್ನ ನುಂಗಿಬಿಡ್ತವೆ. ಹೆಸರಾಂತ ಟರ್ನ್‌ಟೇಬಲ್ ಲಿನ್ ಎಲ್‌ಪಿ 12 ಕೂಡ ಇದೇ ಮನೆತನದ್ದು.

ನನಗೆ ಸಿಕ್ಕಾಗ ಇದರ ಸ್ಥಿತಿ ನೋಡಿ ಹೊಟ್ಟೆ ಉರೀತು. ಪಿಯಾನೋ ರೆಕಾರ್ಡ್ ಹಾಕಿದ್ರೆ ಎಳೆದು ನಿಲ್ಲಿಸಿದ ಸ್ವರ ಎಲ್ಲ ನೀರಲ್ಲಿ ಅಲ್ಲಾಡಿದ ಹಾಗೆ ಕೇಳ್ತಿತ್ತು. ಪ್ಲ್ಯಾಟರ್ ಎರಡು ತುಂಡಿನದು, ಒಳಗಿನದನ್ನ ಎತ್ತಿ ನೋಡಿದ್ರೆ ಬೇರಿಂಗ್ (ಪ್ಲ್ಯಾಟರಿನ ಅಚ್ಚು ತಿರುಗೋ ತೂತು) ಒಳಗೆ ಎಣ್ಣೆ ಅನ್ನೋದು ಕಪ್ಪಗೆ ಗೋಂದಿನ ಥರ ಆಗಿತ್ತು. ತೆಳ್ಳಗಿನ ಮರದ ಕಡ್ಡಿಗೆ ನೂಲು ಬಿಡದ ಬಟ್ಟೆ ಸುತ್ತಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ, ಬಟ್ಟೆ ಬೆಳ್ಳಗೇ ಹೊರಗೆ ಬರೋವರೆಗೂ ಒರೆಸ್ತಾನೇ ಇದ್ದೆ, ಹನ್ನೊಂದು ತುಂಡು ಬಟ್ಟೆ ಬೇಕಾಯ್ತು. ಆಮೇಲೆ ಒಳ್ಳೇ ಬೇರಿಂಗ್ ಎಣ್ಣೆ ಕೆಲವೇ ಹನಿ. ಇಲ್ಲಿ ಅವಸರ ಮಾಡ್ಬೇಡಿ, ಸ್ಪಿಂಡಲ್ಲನ್ನ, ಅಂದ್ರೆ ಆ ಅಚ್ಚನ್ನ, ತೂತಿಗೆ ಇಟ್ಟು ಕೈ ಬಿಟ್ಟರೆ ಸಾಕು, ಒಳಗಿರೋ ಗಾಳಿ ಮೆಲ್ಲಗೆ ಹೊರಗೆ ಬರ್ತಾ ಬರ್ತಾ ಪ್ಲ್ಯಾಟರ್ ತಾನಾಗೇ ಇಳಿಯುತ್ತೆ. ನಂದು ತಳ ಮುಟ್ಟೋಕೆ ಸುಮಾರು ಹೊತ್ತು ತಗೊಂತು, ನಾನು ಅಲ್ಲೇ ಕೂತು ನೋಡ್ತಿದ್ದೆ. ಬೇರಿಂಗ್ ಸವೆದಿಲ್ಲ, ಇಷ್ಟು ವರ್ಷ ಆದ್ಮೇಲೂ ಸ್ಪಿಂಡಲ್ಲಿಗೂ ಗೋಡೆಗೂ ನಡುವೆ ಎಣ್ಣೆಯ ಪೊರೆಗೆ ಬೇಕಾದಷ್ಟೇ ಜಾಗ ಇದೆ ಅಂತ ಆಗ ಗೊತ್ತಾಯ್ತು. ತುಂಬಾ ಖುಷಿ ಆಗಿದ್ದು ಆ ಹೊತ್ತಲ್ಲೇ.

ಬೆಲ್ಟ್ ವಿಷಯಕ್ಕೆ ಬಂದ್ರೆ, ಮೊದಲು ತರಿಸಿದ್ದು ಎಲ್ಲಾ ಮಾಡೆಲ್‌ಗೂ ಆಗುತ್ತೆ ಅಂತ ಮಾರೋ ಥರದ್ದು, ಸ್ವಲ್ಪ ದಪ್ಪ. ಹಾಕಿದ ತಕ್ಷಣ ಶ್ರುತಿ ಏರಿತು. ಕಾರಣ ಸರಳ, ಮೋಟರಿನ ಅಚ್ಚಲ್ಲಿ ಬೆಲ್ಟ್ ಸುತ್ತೋ ಗಾಲಿ, ಅಂದ್ರೆ ಪುಲ್ಲಿ, ತೀರಾ ಸಣ್ಣದು, ಬೆಲ್ಟ್ ದಪ್ಪ ಆದಷ್ಟೂ ಪುಲ್ಲಿಯೇ ದೊಡ್ಡದಾದ ಹಾಗೆ, ಪ್ಲ್ಯಾಟರ್ ಜೋರಾಗಿ ತಿರುಗುತ್ತೆ. ಒಂದೇ ಒಂದು ಪರ್ಸೆಂಟ್ ಜಾಸ್ತಿ ಆದ್ರೂ ಶ್ರುತಿ 17 ಸೆಂಟ್ (ನೂರು ಸೆಂಟ್ ಅಂದ್ರೆ ಅರ್ಧ ಸ್ವರ) ಮೇಲೆ ಹೋಗುತ್ತೆ, ಜೊತೆಗೆ ವಾದ್ಯ ಹಿಡಿದು ನುಡಿಸೋರಿಗೆ ಅದು ಸಹಿಸೋಕಾಗಲ್ಲ. ಸರಿಯಾದ ಅಳತೆಯ ಬೆಲ್ಟ್ ಹಾಕಿ, ಪುಲ್ಲಿ ಮೇಲೆ ಅಂಟಿದ್ದ ಹಳೇ ರಬ್ಬರಿನ ಕರಿ ಒರೆಸಿದ ಮೇಲೆ ಸ್ಟ್ರೋಬ್ ಡಿಸ್ಕ್ (ದೀಪದ ಮಿಣುಕಲ್ಲಿ ಗೆರೆ ನಿಂತಂತೆ ಕಂಡ್ರೆ ವೇಗ ಸರಿ ಅಂತ ತೋರಿಸೋ ಬಿಲ್ಲೆ) ಮೇಲಿನ ಗೆರೆಗಳು ಹೆಚ್ಚೂಕಮ್ಮಿ ನಿಂತ್ವು. ಬೆಲ್ಟ್ ಮುಟ್ಟೋವಾಗ ಕೈಗೆ ಜಿಡ್ಡಿರಬಾರದು. ಇನ್ನೊಂದು ನೆನಪಿರ್ಲಿ, ಇದರ ಮೋಟರ್ 16 ಪೋಲ್ ಸಿಂಕ್ರೊನಸ್, ಅಂದ್ರೆ ವೇಗ ಕರೆಂಟಿನ ಹರ್ಟ್ಸ್ ಮೇಲೇ ನಿಲ್ಲುತ್ತೆ, ಕರೆಂಟು 50 ಹರ್ಟ್ಸ್ ಇದ್ರೆ ನಿಮಿಷಕ್ಕೆ 375 ಸುತ್ತು, 60 ಇದ್ರೆ 450. ಅದಕ್ಕೇ ಎರಡಕ್ಕೂ ಪುಲ್ಲಿ ಬೇರೆ ಬೇರೆ. 60ರ ಪುಲ್ಲಿ ಇರೋದನ್ನ 50ರಲ್ಲಿ ಓಡಿಸಿದ್ರೆ ಪ್ಲ್ಯಾಟರ್ ನಿಮಿಷಕ್ಕೆ 33⅓ ಸುತ್ತಿನ ಬದಲು 28ರ ಹತ್ತಿರ ತೆವಳುತ್ತೆ, ಮೋಟರ್ ಕೆಟ್ಟಿದೆ ಅಂತ ಎಸೆದುಬಿಡ್ಬೇಡಿ. ಸ್ಟ್ರೋಬ್ ಡಿಸ್ಕೂ ಹಾಗೇ, 50ಕ್ಕೆ 180 ಗೆರೆ, 60ಕ್ಕೆ 216.

ಈಗ ಸಸ್ಪೆನ್ಷನ್, ಅಂದ್ರೆ ಆ ಮೂರು ಸ್ಪ್ರಿಂಗ್. ಈ ಮಷೀನಿನ ಜೀವ ಇರೋದೇ ಇಲ್ಲಿ, ಜನ ಕೈ ಇಡೋಕೆ ಹೆದರೋದೂ ಇಲ್ಲೇ. ಮೊದಲು ಪ್ಲಗ್ ಕಿತ್ತುಬಿಡಿ, ಒಳಗೆ ಮೇನ್ಸ್ ವೈರ್ ಇದೆ. ಅಡಿಯ ಹಲಗೆ ತೆಗೆದು, ಪ್ಲಿಂತನ್ನ ಎರಡು ಗಟ್ಟಿ ಸ್ಟೂಲ್ ನಡುವೆ ಸೇತುವೆ ಥರ ಇಟ್ಟು ಲೆವೆಲ್ ನೋಡಿ. ಪ್ಲ್ಯಾಟರ್, ಮ್ಯಾಟ್, ಒಂದು ಬೇಡವಾದ ರೆಕಾರ್ಡ್ ಎಲ್ಲಾ ಮೇಲಿರ್ಲಿ, ಆರ್ಮ್ ರೆಕಾರ್ಡಿನ ಮಧ್ಯದಲ್ಲಿರ್ಲಿ, ಯಾಕಂದ್ರೆ ಓಡೋವಾಗ ಸ್ಪ್ರಿಂಗಿಗೆ ಬೀಳೋ ಭಾರ ಅಷ್ಟೇ. ಪ್ಲ್ಯಾಟರ್ ಒಂದೇ ಮೂರು ಕೆಜಿ ಮೇಲಿದೆ, ಅದಿಲ್ಲದೆ ಮಾಡಿದ ಹೊಂದಾಣಿಕೆ ವ್ಯರ್ಥ. ಕೆಳಗಿಂದ ಕೈ ಹಾಕಿ ನಟ್ ಅರ್ಧರ್ಧ ಸುತ್ತು ತಿರುಗಿಸ್ತಾ, ಮೇಲೆ ಸ್ಪಿಂಡಲ್ ಹತ್ರ ಬೆರಳಿಟ್ಟು ಮೆತ್ತಗೆ ಒತ್ತಿ ಬಿಡಿ. ಸರಿ ಇದ್ರೆ ನೆಟ್ಟಗೆ ಮೇಲೆ ಕೆಳಗೆ ಕುಣಿದು ತಣ್ಣಗೆ ನಿಲ್ಲುತ್ತೆ. ಪಕ್ಕಕ್ಕೆ ವಾಲಿ ಗಾಣದ ಥರ ಸುತ್ತಿದ್ರೆ ಎಲ್ಲೋ ಎಡವಟ್ಟಿದೆ.

ನಂದು ಮೂರು ದಿನ ಸುತ್ತಿತು. ಸ್ಪ್ರಿಂಗ್ ತಿರುಗಿಸಿ ನೋಡಿದೆ, ಒಳಗಿನ ಸ್ಪಂಜು ಪುಡಿಪುಡಿ ಆಗಿತ್ತು ಅದನ್ನ ಬದಲಾಯಿಸಿದೆ, ಆದ್ರೂ ಅದೇ. ಕೊನೆಗೆ ಟಾರ್ಚ್ ಹಿಡಿದು ಕೆಳಗಿಂದ ನೋಡ್ತಾ ಇನ್ನೊಂದು ಕೈಲಿ ಪ್ಲ್ಯಾಟರ್ ಒತ್ತಿದಾಗ ಕಂಡಿತು, ಆರ್ಮಿಂದ ಬರೋ ಕೇಬಲ್ಲು. ನಾನೇ ಅಪ್‌ಗ್ರೇಡ್ ಅಂತ ಹಾಕಿದ್ದ ದಪ್ಪನೆಯ ಶೀಲ್ಡೆಡ್ ಕೇಬಲ್, ಸಬ್‌ಚಾಸಿ ಇಳಿದಾಗಲೆಲ್ಲ ಅದು ಕಟ್ಟಿಹಾಕಿದ ಕರು ಹಗ್ಗ ಜಗ್ಗಿದ ಹಾಗೆ ಒಂದು ಮೂಲೆಯನ್ನ ಹಿಂದಕ್ಕೆ ಎಳೀತಿತ್ತು. ತೆಳ್ಳಗಿನ, ಬಳುಕೋ ಕೇಬಲ್ ಹಾಕಿ, ಸಡಿಲವಾಗಿ ಒಂದು ಸುತ್ತು ಬಿಟ್ಟು ಕ್ಲಿಪ್ಪಿಗೆ ಸಿಗಿಸಿದೆ, ಒಂದೇ ಒತ್ತಿಗೆ ಕುಣಿತ ನೆಟ್ಟಗಾಯ್ತು. ಅವತ್ತು ರಾತ್ರಿ ಕೇಳಿದ ರೆಕಾರ್ಡಲ್ಲಿ ಹಾಡೋರ ಉಸಿರು ಎಲ್ಲಿ ತಗೋತಾರೆ ಅನ್ನೋದೂ ಬಿಡಿಸಿ ಕೇಳಿಸ್ತು, ಬಾಸು ಊದಿಕೊಂಡ ಹಾಗಿದ್ದಿದ್ದು ಹೋಗಿ ತಂತಿ ಮೀಟಿದ್ದು ತಂತಿ ಮೀಟಿದ ಹಾಗೇ ಬಂತು.

ಉಳಿದ ಮಾಡಿಫಿಕೇಷನ್ ಬೇಗ ಹೇಳ್ತೀನಿ. ಅಡಿಯ ತೆಳು ಹಲಗೆ ತೆಗೆದು ದಪ್ಪ ಪ್ಲೈವುಡ್ ಹಾಕಿದೆ, ಪರವಾಗಿಲ್ಲ, ಮಾಡ್ಬಹುದು. ಮೇಲಿನ ಪ್ಲೇಟಿನ ಅಡಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿದ್ರಿಂದ ಬೆರಳಲ್ಲಿ ತಟ್ಟಿದಾಗ ಬರ್ತಿದ್ದ ಟಣ್ ಸದ್ದು ಮಂದ ಆಯ್ತು, ಹಾಡಲ್ಲಿ ವ್ಯತ್ಯಾಸ ಸ್ವಲ್ಪವೇ. ಸಬ್‌ಚಾಸಿಗೂ ಜಾಸ್ತಿ ಅಂಟಿಸಿದ್ರೆ ತೂಕ ಏರಿ ಸ್ಪ್ರಿಂಗ್ ಕೆಲಸ ಮತ್ತೆ ಮೊದಲಿಂದ. ಆರ್ಮ್ ಬದಲಾಯಿಸೋರು ಬಹಳ ಜನ ರೆಗಾ ಕಂಪನಿಯ ಆರ್ಮ್ ಹಾಕ್ತಾರೆ, ಅದಕ್ಕೆ ಸ್ಪಿಂಡಲ್ಲಿಂದ ಪಿವಟ್ಟಿಗೆ (ಆರ್ಮ್ ತಿರುಗೋ ಬಿಂದು) 222 ಮಿಮೀ ಬೇಕು, ಹೊಸ ಆರ್ಮ್‌ಬೋರ್ಡ್ (ಆರ್ಮ್ ಕೂರೋ ಹಲಗೆ) ಕೊರೆದ್ರೆ ಸಾಕು, ಚಾಸಿ ಮಾತ್ರ ಕುಯ್ಯಬೇಡಿ. ದಯವಿಟ್ಟು. ಒಂದು ಸಲ ಕುಯ್ದದ್ದು ವಾಪಸ್ ಬರಲ್ಲ. ನಾನಂತೂ ಮೂಲ ಆರ್ಮೇ ಇಟ್ಕೊಂಡೆ. ಅದು ಸ್ವಲ್ಪ ಭಾರದ ಆರ್ಮ್, ಹಾಗಾಗಿ ಸೂಜಿಯ ಹಿಡಿತ ತೀರಾ ಮೆದುವಾಗಿರೋ ಕಾರ್ಟ್ರಿಜ್ (ಆರ್ಮ್ ತುದಿಯಲ್ಲಿ ಸೂಜಿ ಇರೋ ಭಾಗ) ಬೇಡ, ಆರ್ಮ್ ಕಾರ್ಟ್ರಿಜ್ ಎರಡೂ ಸೇರಿದ ಅನುರಣನೆ, ಅಂದ್ರೆ ಅವು ತಾವಾಗೇ ಅದುರೋ ವೇಗ, 8ರಿಂದ 12 ಹರ್ಟ್ಸ್ ಒಳಗೆ ಬೀಳೋ ಹಾಗೆ ನೋಡ್ಕೊಳ್ಳಿ. ಅದಕ್ಕಿಂತ ಕೆಳಗೆ ಹೋದ್ರೆ ಸೊಟ್ಟ ರೆಕಾರ್ಡ್ ಮೇಲೆ ಆರ್ಮ್ ತೂರಾಡುತ್ತೆ.

ಕೊರತೆ ಅಂದ್ರೆ, ನೆಲ ಅದುರೋ ಕಡೆ ಇದು ಆಗಲ್ಲ. ಮರದ ನೆಲದ ಮೇಲೆ ಯಾರಾದ್ರೂ ಜೋರಾಗಿ ನಡೆದ್ರೆ ಸೂಜಿ ಹಾರುತ್ತೆ, ಗೋಡೆಗೆ ಹೊಡೆದ ಶೆಲ್ಫ್ ಮೇಲಿಟ್ರೆ ಆ ಕಾಟ ಇಲ್ಲ. ಸಾಗಿಸೋವಾಗ ಪ್ಲ್ಯಾಟರ್ ತೆಗೆದು ಬೇರೆ ಸುತ್ತಲೇಬೇಕು, ಹಾಗೇ ಕಳಿಸಿದ್ರೆ ಬೇರಿಂಗಿಗೆ ಪೆಟ್ಟು ಬೀಳುತ್ತೆ.

ಕೊಳ್ಳೋಕೆ ಹೋದಾಗ ಹೊರಗಿನ ಪಾಲಿಶ್, ಮುಚ್ಚಳದ ಗೀರು ನೋಡಿ ಮನಸ್ಸು ಬದಲಾಯಿಸ್ಬೇಡಿ. ಬೆಲ್ಟ್ ತೆಗೆದು ಪ್ಲ್ಯಾಟರ್ರನ್ನ ಬೆರಳಲ್ಲಿ ತಿರುಗಿಸಿ, ಕಿವಿಯನ್ನ ಅದರ ಹತ್ರ ತಂದು ಕೇಳಿ. ಏನೂ ಕೇಳಿಸ್ಲಿಲ್ಲ ಅಂದ್ರೆ ತಗೊಳ್ಳಿ.