ಇಬ್ಬರ ಪಾಡ್‌ಕಾಸ್ಟ್‌ಗೆ ಬೆಹ್ರಿಂಗರ್ ಕ್ಯೂ802ಯುಎಸ್‌ಬಿ: ದೀರ್ಘ ಬಳಕೆಯ ಮೇಲೆ

ಒಂದೇ ಮೇಜಿನ ಆಚೀಚೆ ಕೂತು ಇಬ್ಬರು ಮಾತಾಡುವುದಾದರೆ ಈ ಪುಟ್ಟ ಮಿಕ್ಸರ್ ಧಾರಾಳವಾಗಿ ಸಾಕು. ಒಬ್ಬರೇ ಆದರೆ ಇದು ಬೇಡ, ಒಂದು ಮೈಕ್‌ನ ಆಡಿಯೊ ಇಂಟರ್‌ಫೇಸ್ (ಮೈಕ್‌ನ ದನಿಯನ್ನು ಕಂಪ್ಯೂಟರ್‌ಗೆ ದಾಟಿಸುವ ಪೆಟ್ಟಿಗೆ) ತಗೊಳ್ಳಿ. ಮೂವರಿದ್ದರೂ ಬೇಡ, ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದುಂಡು ಪ್ಲಗ್ಗಿನ) ಮೈಕ್‌ಗೆ ಇದರಲ್ಲಿ ಇರುವುದೇ ಎರಡು ಜಾಗ. ಅಂಥವರಿಗೆ ನಾಲ್ಕು ಮೈಕ್, ನಾಲ್ಕು ಹೆಡ್‌ಫೋನ್ ಹಿಡಿಯುವ, ಪ್ರತಿ ದನಿಯನ್ನೂ ಎಸ್‌ಡಿ ಕಾರ್ಡ್‌ಗೆ ಬೇರೆಬೇರೆಯಾಗಿ ಬರೆಯುವ ಝೂಮ್ ಪಾಡ್‌ಟ್ರ್ಯಾಕ್ ಪಿ4 ಸರಿಯಾದ ದಾರಿ.

ಕೊಳ್ಳುವ ಮೊದಲೇ ತಿಳಿದಿರಬೇಕಾದ ಮಾತು: ಯುಎಸ್‌ಬಿಯಲ್ಲಿ ಕಂಪ್ಯೂಟರ್‌ಗೆ ಹೋಗುವುದು ಮಿಕ್ಸ್ ಆದ ಸ್ಟೀರಿಯೊ ಮಾತ್ರ. ಎಷ್ಟು ಚಾನೆಲ್ ತುಂಬಿದರೂ ಅಲ್ಲಿ ಸಿಗುವುದು ಎಡ, ಬಲ ಎರಡೇ. ಹಾಗೇ ಬಿಟ್ಟರೆ ಒಬ್ಬರ ಕೆಮ್ಮು ಇನ್ನೊಬ್ಬರ ಮಾತಿಗೆ ಅಂಟಿಕೊಂಡುಬಿಡುತ್ತದೆ, ಆಮೇಲೆ ಬಿಡಿಸಲಾಗದು. ಅದಕ್ಕೆ ಮೊದಲ ಮೈಕ್‌ನ ಪ್ಯಾನ್ ಗುಂಡಿಯನ್ನು (ದನಿಯನ್ನು ಎಡಬಲಕ್ಕೆ ಸರಿಸುವ ಗುಂಡಿ) ಪೂರ್ತಿ ಎಡಕ್ಕೆ, ಎರಡನೆಯದನ್ನು ಪೂರ್ತಿ ಬಲಕ್ಕೆ ತಿರುಗಿಸಿ. ಆಡಾಸಿಟಿ ಎಂಬ ಉಚಿತ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಸ್ಟೀರಿಯೊ ಆಗಿ ರೆಕಾರ್ಡ್ ಮಾಡಿ, ಮುಗಿದ ಮೇಲೆ ಟ್ರ್ಯಾಕನ್ನು ಎರಡು ಮೋನೊ (ಒಂದೇ ಚಾನೆಲ್‌ನ) ಟ್ರ್ಯಾಕ್ ಆಗಿ ಸೀಳಿದರೆ ಇಬ್ಬರ ದನಿಯೂ ಬೇರೆಬೇರೆ ಕೈಗೆ ಬರುತ್ತದೆ. ಈ ಯಂತ್ರಕ್ಕೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಇಲ್ಲೇ.

ಬಾಯಿಂದ ಮೈಕ್‌ಗೆ 10 ಸೆಂ.ಮೀ. ಇದ್ದರೆ ಮೈಕ್‌ನಿಂದ ಮೈಕ್‌ಗೆ ಕನಿಷ್ಠ 30 ಸೆಂ.ಮೀ. ಇರಲಿ. ಶೂರ್ ಎಸ್‌ಎಂ58ರಂಥ ಕಾರ್ಡಿಯಾಯ್ಡ್ ಡೈನಮಿಕ್ ಮೈಕ್ ಬೆನ್ನ ಕಡೆಯ ಸದ್ದನ್ನು ಕಡಿಮೆ ಹಿಡಿಯುತ್ತದೆ, ಆದ್ದರಿಂದ ಎದುರಿನವರ ಬಾಯಿ ಮೈಕ್‌ನ ಬೆನ್ನಿಗೆ ಬರುವಂತೆ ನಿಲ್ಲಿಸಿ. ನೇರ ಬಾಯಿಗೆ ಹಿಡಿಯದೆ ತುಸು ಓರೆಯಾಗಿಟ್ಟರೆ ಪ, ಫ, ಭ ಉಚ್ಚರಿಸುವಾಗಿನ ಗಾಳಿ ಮೈಕ್‌ಗೆ ಬಡಿಯುವುದಿಲ್ಲ. ಈ ಮೈಕ್‌ಗಳಿಗೆ 48 ವೋಲ್ಟ್ ಫ್ಯಾಂಟಮ್ (ಮಿಕ್ಸರ್ ಕೇಬಲ್ ಮೂಲಕ ಮೈಕ್‌ಗೆ ಕೊಡುವ ಕರೆಂಟ್) ಬೇಕಿಲ್ಲ, ಆರಿಸಿಯೇ ಇರಲಿ.

ಡೈನಮಿಕ್ ಮೈಕ್ ಹೆಚ್ಚು ಗೇನ್ (ಮೈಕ್‌ನ ದನಿಯನ್ನು ಹಿಗ್ಗಿಸುವ ಮಟ್ಟ) ಬೇಡುತ್ತದೆ. ಗುಂಡಿಯನ್ನು ಕೊನೆಯ ತನಕ ತಿರುಗಿಸಿದರೆ ಸುಯ್ಯೆನ್ನುವ ಸದ್ದೂ ಜೊತೆಗೇ ಏರುತ್ತದೆ. ಮಾತು ಸಣ್ಣದಾಗಿದ್ದರೆ ಗೇನ್ ಏರಿಸುವ ಮೊದಲು ಮೈಕ್ ಹತ್ತಿರ ತನ್ನಿ. ಮಾಮೂಲಿಗಿಂತ ಗಟ್ಟಿಯಾಗಿ ಮಾತಾಡಿಸಿ ನೋಡಿ, ಕಂಪ್ಯೂಟರ್ ಮೀಟರ್‌ನಲ್ಲಿ ಅದು ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲಲಿ. ಒಂದೇ ಗುಂಡಿಯ ಕಂಪ್ರೆಸರ್ (ಗಟ್ಟಿ, ಮೆಲು ದನಿಗಳ ಅಂತರ ಕುಗ್ಗಿಸುವ ಸೌಲಭ್ಯ) ಆಸೆ ಹುಟ್ಟಿಸುತ್ತದೆ, ಮುಟ್ಟಬೇಡಿ. ರೆಕಾರ್ಡಿಂಗ್‌ನಲ್ಲೇ ಬೆರೆತುಹೋದ ಒತ್ತಡವನ್ನು ಆಮೇಲೆ ತೆಗೆಯಲು ಬರುವುದಿಲ್ಲ, ಆ ಕೆಲಸ ಎಡಿಟಿಂಗ್‌ನಲ್ಲಿ ನಿಧಾನವಾಗಿ ಆಗಲಿ.

ವಿಂಡೋಸ್‌ನಲ್ಲಿ ಮಿಕ್ಸರ್ ದೀಪ ಹಸಿರಿದ್ದೂ ದನಿ ಒಡೆದರೆ, ಸೌಂಡ್ ಸೆಟ್ಟಿಂಗ್‌ನಲ್ಲಿ ಆ ಸಾಧನದ ಇನ್‌ಪುಟ್ ಮಟ್ಟ ಇಳಿಸಿ. 2 ಚಾನೆಲ್, 16 ಬಿಟ್, 48000 ಹರ್ಟ್ಸ್ ಇದೆಯೇ ಎಂದೂ ನೋಡಿ. ಒಂದೇ ಚಾನೆಲ್ ಆಗಿದ್ದರೆ ಪ್ಯಾನ್ ಉಪಾಯ ವ್ಯರ್ಥ. ಮಾತು ಪ್ರತಿಧ್ವನಿಸಿದರೆ ಕಂಪ್ಯೂಟರ್‌ನಿಂದ ಯುಎಸ್‌ಬಿಯಲ್ಲಿ ಬರುವ ಸದ್ದು ಮರಳಿ ಮೇನ್‌ಗೆ (ಮುಖ್ಯ ಮಿಕ್ಸ್‌ಗೆ) ಹೋಗುವ ಸ್ವಿಚ್ ಒತ್ತಿರಬಹುದು. ಅದನ್ನು ಬಿಡಿಸಿ, ಹೆಡ್‌ಫೋನ್ ಕಡೆಯದನ್ನಷ್ಟೇ ಇಟ್ಟುಕೊಳ್ಳಿ.

ಹೆಚ್ಚು ಕಾಡುವುದು ಕರೆಂಟ್. ಗುಂಯ್ ಎಂಬ ಸದ್ದು ಕೇಳಿದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ಎರಡು ಪಿನ್ನಿನ ಚಾರ್ಜರ್‌ಗಳೇ ಬಹುಪಾಲು ಇದರ ಮೂಲ. ಚಾರ್ಜರ್ ಬೇಕೇಬೇಕೆಂದರೆ ಅರ್ತಿಂಗ್ ಇರುವ ಮೂರು ಪಿನ್ನಿನದು ತಂದು, ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಫ್ಯಾನ್ ನಿಲ್ಲಿಸಿದಾಗ ಝಿರ್ರೆನ್ನುವ ಸದ್ದು ಹೋದರೆ, ತಿರುಗಿಸಿ ವೇಗ ಇಳಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಮೇಲೆ ಅನುಮಾನ ಪಡಿ. ಈ ಮಿಕ್ಸರ್ ಯುಎಸ್‌ಬಿ ಕರೆಂಟಿನಲ್ಲಿ ಓಡುವುದಿಲ್ಲ, ತನ್ನದೇ ಅಡಾಪ್ಟರ್ ಬೇಕು. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ತನ್ನ ಪಾಡಿಗೆ ಬರೀ ಮೌನವನ್ನು ರೆಕಾರ್ಡ್ ಮಾಡುತ್ತಲೇ ಇರಬಹುದು, ಹೆಡ್‌ಫೋನ್ ಹಾಕದಿದ್ದರೆ ಗೊತ್ತೂ ಆಗದು. ಸಣ್ಣದೊಂದು ಯುಪಿಎಸ್ ಇಟ್ಟುಕೊಳ್ಳಿ.

ಹೆಡ್‌ಫೋನ್ ತೂತು ಒಂದೇ, 6.35 ಮಿ.ಮೀ. ಇಬ್ಬರಿಗೂ ಕೇಳಿಸಲು ಕನ್ವರ್ಟರ್, ಸ್ಪ್ಲಿಟರ್ ಬೇಕಾಗುತ್ತದೆ. ಪ್ಯಾನ್ ಮಾಡಿದ್ದರಿಂದ ಒಬ್ಬೊಬ್ಬರ ದನಿ ಒಂದೊಂದು ಕಿವಿಗೆ ಕೇಳಿಸುತ್ತದೆ, ಹತ್ತು ನಿಮಿಷದಲ್ಲಿ ರೂಢಿಯಾಗುತ್ತದೆ. ಎಡಿಟಿಂಗ್ ಮುಗಿಸುವಾಗ ಎರಡೂ ಟ್ರ್ಯಾಕನ್ನು ನಡುವಿಗೆ ತಂದು, ಸ್ಟೀರಿಯೊಗೆ ಮೈನಸ್ 16 ಎಲ್‌ಯುಎಫ್‌ಎಸ್ (ಒಟ್ಟಾರೆ ದನಿಯ ಗಟ್ಟಿತನದ ಅಳತೆ) ಇಡಿ.

ವರ್ಷಗಟ್ಟಲೆ ಬಳಸಿದರೆ ಈ ಬೆಲೆಯ ಯಾವ ಮಿಕ್ಸರ್‌ನಲ್ಲೂ ಗುಂಡಿ ತಿರುಗಿಸುವಾಗ ಕರಕರ ಸದ್ದು ಶುರುವಾಗಬಹುದು. ಅದು ಧೂಳಿನ ಕಾಟ. ಪ್ಲಗ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿಯಷ್ಟು ಬಿಟ್ಟು, ಗುಂಡಿಯನ್ನು ಇಪ್ಪತ್ತು ಸಲ ಆಚೀಚೆ ತಿರುಗಿಸಿ, ಒಣಗಿದ ಮೇಲೆ ಆನ್ ಮಾಡಿ. ಕೆಲಸವಿಲ್ಲದಾಗ ಮೇಲೊಂದು ಹತ್ತಿಬಟ್ಟೆ ಹೊದಿಸಿಡಿ.