ಫ್ಯಾನ್ಸಿಝೋನ್ಸ್: ಪರದೆಗೆ ಬದು ಹಾಕುವ ಸಲಕರಣೆ

ಕಲಬುರಗಿಯ ಯಾವುದೇ ಆನ್‌ಲೈನ್ ಸೆಂಟರ್‌ನ ಪರದೆ ನೋಡಿ. ಅರ್ಜಿ ತುಂಬುವ ವೆಬ್‌ಸೈಟ್ ಒಂದು, ಸ್ಕ್ಯಾನ್ ಮಾಡಿದ ಆಧಾರ್, ಪಹಣಿಗಳ ಫೋಲ್ಡರ್ ಒಂದು, ನುಡಿ ತಂತ್ರಾಂಶದಲ್ಲಿ ಟೈಪಾಗುತ್ತಿರುವ ಅಫಿಡವಿಟ್ ಒಂದು, ಗಿರಾಕಿಯ ಫೋಟೋ ಬಂದು ಬೀಳುವ ವಾಟ್ಸಾಪ್ ಮತ್ತೊಂದು. ನಾಲ್ಕೂ ಒಂದರ ಮೇಲೊಂದು. ಹೆಸರಿನ ಒಂದು ಅಕ್ಷರ ತಾಳೆ ನೋಡಲಿಕ್ಕೂ ಆಲ್ಟ್-ಟ್ಯಾಬ್ ಒತ್ತುತ್ತ ಕೂಡಬೇಕು. ಹೊಲಕ್ಕೆ ಬದು ಹಾಕಿದ ಹಾಗೆ ಪರದೆಯನ್ನು ಖಾನೆಗಳಾಗಿ ಹಂಚಿ, ಪ್ರತಿ ವಿಂಡೋಗೂ ಅದರ ಜಾಗ ಗೊತ್ತುಮಾಡುವುದೇ ಫ್ಯಾನ್ಸಿಝೋನ್ಸ್ ಕೆಲಸ. ಇದು ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಎಂಬ ಉಚಿತ ಕಂತೆಯಲ್ಲಿ 2019ರಿಂದಲೂ ಇದೆ. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು: 1920 ಪಿಕ್ಸೆಲ್ ಅಗಲದ ಮಾನಿಟರ್ ಇದ್ದವರು ಹಾಕಿಕೊಳ್ಳಲೇಬೇಕು, 1366 ಅಗಲದ ಲ್ಯಾಪ್‌ಟಾಪ್‌ನವರು ಡೌನ್‌ಲೋಡ್ ಮಾಡುವ ಶ್ರಮವನ್ನೇ ಪಡಬೇಕಿಲ್ಲ.

ಕಾರಣ ಬರೀ ಲೆಕ್ಕ. ಎ4 ಹಾಳೆಯ ಅಗಲ 210 ಮಿ.ಮೀ., ಅಂದರೆ ವರ್ಡ್‌ನಲ್ಲಿ 100 ಶೇಕಡಾ ಝೂಮ್‌ಗೆ ಸುಮಾರು 794 ಪಿಕ್ಸೆಲ್. ಅಕ್ಕಪಕ್ಕದ ಅಂಚು, ಸ್ಕ್ರಾಲ್‌ಬಾರ್ ಸೇರಿಸಿದರೆ 900 ಬೇಕು. 1920ರಲ್ಲಿ ಅಷ್ಟು ಕೊಟ್ಟ ಮೇಲೂ ಬ್ರೌಸರ್‌ಗೆ 1020 ಉಳಿಯುತ್ತದೆ. ಅದೇ 1366ನ್ನು ಎರಡು ಪಾಲು ಮಾಡಿದರೆ ತಲಾ 683. ಹಾಳೆ ಹಿಡಿಸಬೇಕೆಂದರೆ ಝೂಮ್ 75ಕ್ಕೆ ಇಳಿಸಬೇಕು, ಆಗ ಕನ್ನಡದ ಒತ್ತಕ್ಷರ ಕಣ್ಣಿಗೆ ನಿಲ್ಲುವುದಿಲ್ಲ. ಮೂರು ಪಾಲಾದರೆ ತಲಾ 455. ಕ್ರೋಮ್ ವಿಂಡೋ ಸುಮಾರು 500ಕ್ಕಿಂತ ಕಿರಿದಾಗಲು ಒಪ್ಪುವುದಿಲ್ಲ, ಹಾಗಾಗಿ ಬದು ದಾಟಿ ಪಕ್ಕದ ಖಾನೆಗೆ ನುಗ್ಗುತ್ತದೆ. ಇಷ್ಟು ಸಣ್ಣ ಪರದೆಗೆ ವಿಂಡೋಸ್ ಕೀ ಜೊತೆ ಎಡ-ಬಲ ಬಾಣ ಒತ್ತಿ ಅರ್ಧರ್ಧ ಮಾಡಿಕೊಳ್ಳುವುದೇ ಸಾಕು.

ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಮತ್ತು ಝಡ್ ಒತ್ತಿದರೆ ಸಿದ್ಧ ನಕ್ಷೆಗಳು ಬರುತ್ತವಲ್ಲ, ಇದು ಬೇರೆ ಯಾಕೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಅಲ್ಲಿನ ನಕ್ಷೆಗಳನ್ನು ನಮಗೆ ಬೇಕಾದಂತೆ ಗೆರೆ ಎಳೆದು ಇಟ್ಟುಕೊಳ್ಳಲಾಗದು. ಜೊತೆಗೆ ಡಿಸ್‌ಪ್ಲೇ ಸ್ಕೇಲ್, ಅಂದರೆ ಪರದೆಯ ಮೇಲಿನ ಎಲ್ಲವನ್ನೂ ಹಿಗ್ಗಿಸಿ ತೋರಿಸುವ ಪ್ರಮಾಣ, 150 ಶೇಕಡಾ ಇದ್ದರೆ 1920ರ ಪರದೆಯನ್ನೂ ವಿಂಡೋಸ್ 1280 ಎಂದೇ ಎಣಿಸುತ್ತದೆ, ಮೂರು ಕಾಲಮ್‌ನ ನಕ್ಷೆ ತೋರಿಸುವುದೇ ಇಲ್ಲ. ‘ನಮ್ಮ ಸಿಸ್ಟಮ್‌ನಾಗ ಮೂರು ಕಾಲಮ್ ಬರಂಗಿಲ್ಲ’ ಎನ್ನುವವರು ಮೊದಲು ಸ್ಕೇಲ್ ಎಷ್ಟಿದೆ ಎಂದು ನೋಡಲಿ.

ಹಾಕಿಕೊಂಡ ಮೇಲೆ ವಿಂಡೋಸ್ ಕೀ, ಶಿಫ್ಟ್ ಮತ್ತು ಎಸ್ಕೇಪ್ ಕೆಳಗಿನ ಓರೆ ಗೆರೆಯ ಕೀ ಮೂರನ್ನೂ ಕೂಡಿಸಿ ಒತ್ತಿದರೆ ಎಡಿಟರ್ ತೆರೆಯುತ್ತದೆ. ಸಿದ್ಧ ನಕ್ಷೆಗಳನ್ನು ಬಿಟ್ಟು ಹೊಸ ಲೇಔಟ್ ಮಾಡಿ, ‘ಗ್ರಿಡ್’ ಆರಿಸಿ. ಮೊದಲಿಗೆ ಮೂರು ಕಾಲಮ್ ಕಾಣುತ್ತವೆ. ಒಂದರ ಮೇಲಿಂದ ಇನ್ನೊಂದಕ್ಕೆ ಮೌಸ್ ಒತ್ತಿ ಎಳೆದು ಬಿಟ್ಟರೆ ಎರಡನ್ನೂ ಕೂಡಿಸುವ ಆಯ್ಕೆ ಬರುತ್ತದೆ. ಖಾನೆಯೊಳಗೆ ಕ್ಲಿಕ್ ಮಾಡಿದರೆ ಅದು ಸೀಳುತ್ತದೆ, ಶಿಫ್ಟ್ ಹಿಡಿದರೆ ಸೀಳುವ ದಿಕ್ಕು ಬದಲಾಗುತ್ತದೆ. ಸೆಂಟರ್‌ನ ಕೆಲಸಕ್ಕೆ ಚೆನ್ನಾಗಿ ಕೂಡುವ ನಕ್ಷೆ ಇದು: ಬಲಕ್ಕೆ ಮೇಲಿಂದ ಕೆಳಗಿನ ತನಕ 900 ಅಗಲದ ವರ್ಡ್ ಖಾನೆ. ಎಡಕ್ಕೆ 1020 ಅಗಲ, ಅದರಲ್ಲಿ ಮೇಲಿನ ಮೂರರಲ್ಲಿ ಎರಡು ಪಾಲು ಬ್ರೌಸರ್‌ಗೆ, ಕೆಳಗಿನ ಒಂದು ಪಾಲು ಸ್ಕ್ಯಾನ್ ಫೋಲ್ಡರ್‌ಗೆ. ಎಳೆದು ತಂದ ಫೈಲನ್ನು ಒಪ್ಪುವ ವೆಬ್‌ಸೈಟ್ ಆದರೆ ಫೋಲ್ಡರ್‌ನಿಂದ ಮೇಲಕ್ಕೆ ಎಳೆದು ಬಿಟ್ಟರೆ ಅಪ್‌ಲೋಡ್ ಆಗುತ್ತದೆ, ‘ಬ್ರೌಸ್’ ಗುಂಡಿ ಒತ್ತಿ ಹುಡುಕುವ ಕೆಲಸ ತಪ್ಪಿತು. ವಾಟ್ಸಾಪ್‌ಗೆ ಬೇರೆ ಖಾನೆ ಬೇಡ, ಫೋಲ್ಡರ್ ಇದ್ದಲ್ಲೇ ಇರಲಿ. ಒಂದೇ ಖಾನೆಯ ಎರಡು ವಿಂಡೋಗಳ ನಡುವೆ ವಿಂಡೋಸ್ ಕೀ ಜೊತೆ ಪೇಜ್ ಅಪ್, ಪೇಜ್ ಡೌನ್ ಒತ್ತಿ ಓಡಾಡಬಹುದು.

ಖಾನೆಗಳ ನಡುವೆ ತಾನಾಗಿ 16 ಪಿಕ್ಸೆಲ್ ಖಾಲಿ ಜಾಗ ಬಿಡುವ ಏರ್ಪಾಡು ಶುದ್ಧ ದಂಡ. ಮೂರು ಕಾಲಮ್ ಇದ್ದರೆ ಪರದೆಯ ಎರಡು ಅಂಚಿನದೂ ಸೇರಿ ನಾಲ್ಕು ಸಂದಿ, 64 ಪಿಕ್ಸೆಲ್ ಹೋಯಿತು. ಬದುವಿಗೇ ಅರ್ಧ ಹೊಲ ಬಿಟ್ಟ ಹಾಗೆ. ಲೇಔಟ್‌ನ ಪೆನ್ಸಿಲ್ ಗುರುತು ಒತ್ತಿ ಅದನ್ನು ತೆಗೆದುಬಿಡಿ.

ಇನ್ನು ವಿಂಡೋ ಕೂಡಿಸುವುದು. ಮೊದಲು ಎಳೆಯಲು ಶುರು ಮಾಡಿ, ಆಮೇಲೆ ಶಿಫ್ಟ್ ಹಿಡಿಯಿರಿ, ಖಾನೆ ಬಣ್ಣ ತಳೆದ ಮೇಲೆ ಮೌಸ್ ಬಿಡಿ. ಮೌಸ್‌ಗಿಂತ ಮೊದಲು ಶಿಫ್ಟ್ ಬಿಟ್ಟರೆ ವಿಂಡೋ ಎಲ್ಲಿತ್ತೋ ಅಲ್ಲೇ ತೇಲುತ್ತದೆ. ಹೊಸಬರ ತಕರಾರಿನಲ್ಲಿ ಹೆಚ್ಚಿನ ಪಾಲು ಇದೇ. ಎಡಗಡೆಯ ಶಿಫ್ಟ್ ಬಳಸಿ, ಬಲಗಡೆಯದನ್ನು 8 ಸೆಕೆಂಡ್ ಹಿಡಿದರೆ ಫಿಲ್ಟರ್ ಕೀಸ್ ಎಂಬ ಪೆಟ್ಟಿಗೆ ಎದುರು ಬಂದು ನಿಲ್ಲುತ್ತದೆ. ಎರಡು ಖಾನೆಗೂ ಒಂದೇ ವಿಂಡೋ ಹಾಸಬೇಕಾದರೆ ಎಳೆಯುವಾಗ ಕಂಟ್ರೋಲ್ ಕೂಡ ಹಿಡಿಯಬೇಕು. ಬಾಣದ ಕೀಗಳೇ ಹಗುರ ಎನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ‘ಓವರ್‌ರೈಡ್ ವಿಂಡೋಸ್ ಸ್ನ್ಯಾಪ್’ ಆನ್ ಮಾಡಿ.

ನಿಜವಾದ ತಲೆನೋವು ಬರುವುದು ಲೆಕ್ಕ ಬರೆಯುವ ಟ್ಯಾಲಿಯಂಥ ತಂತ್ರಾಂಶದ ಕಡೆ. ಯಾದಗಿರಿಯ ಅಡತ್ ಅಂಗಡಿಯಾಗಲಿ ಕಲಬುರಗಿಯ ದಾಲ್ ಮಿಲ್ಲಾಗಲಿ, ಎಡಕ್ಕೆ ಎಕ್ಸೆಲ್, ಬಲಕ್ಕೆ ಟ್ಯಾಲಿ ಬೇಕು. ಆದರೆ ಟ್ಯಾಲಿಯನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ಗುರುತು ಹಾಕಿ ಇಟ್ಟಿದ್ದರೆ ಫ್ಯಾನ್ಸಿಝೋನ್ಸ್ ಅದನ್ನು ಮುಟ್ಟಲಾರದು. ಸಾಮಾನ್ಯ ಅಧಿಕಾರದಲ್ಲಿ ಓಡುವ ಪ್ರೋಗ್ರಾಮ್, ಹೆಚ್ಚಿನ ಅಧಿಕಾರದ ವಿಂಡೋವನ್ನು ಸರಿಸಲು ವಿಂಡೋಸ್ ಬಿಡುವುದಿಲ್ಲ. ಪವರ್‌ಟಾಯ್ಸ್‌ನ ಜನರಲ್ ಪುಟದಿಂದ ಅದನ್ನೂ ಅಡ್ಮಿನಿಸ್ಟ್ರೇಟರ್ ಆಗಿ ಮತ್ತೆ ಶುರು ಮಾಡಿದರೆ ಸರಿ ಹೋಗುತ್ತದೆ. ಟ್ಯಾಲಿಗೆ ಆ ಅಧಿಕಾರ ಬೇಕೇ ಎಂದು ಒಮ್ಮೆ ವಿಚಾರಿಸುವುದು ಇನ್ನೂ ಒಳ್ಳೆಯದು.

ಬೀದರ್‌ನಲ್ಲಿ ಕನ್ನಡ, ಉರ್ದು ಲಗ್ನಪತ್ರಿಕೆ ಮಾಡುವ ಡಿಟಿಪಿಯವರಿಗೆ ಇದರಿಂದ ಅಂಥ ಲಾಭವಿಲ್ಲ. ಕೋರೆಲ್‌ಡ್ರಾ ಇಡೀ ಪರದೆಯನ್ನೇ ಕೇಳುತ್ತದೆ. ಅದನ್ನು ಕತ್ತರಿಸುವ ಬದಲು ವಿಂಡೋಸ್, ಕಂಟ್ರೋಲ್, ಡಿ ಒತ್ತಿ ಎರಡನೇ ಡೆಸ್ಕ್‌ಟಾಪ್ ಮಾಡಿ ಅಲ್ಲಿಡಲಿ. ಹಳೆಯ ನುಡಿ ಕಡತವನ್ನು ಯೂನಿಕೋಡ್‌ಗೆ ಬದಲಿಸಿ ಅಕ್ಷರ ಅಕ್ಷರ ತಾಳೆ ನೋಡುವಾಗ ಮಾತ್ರ ಎರಡು ಖಾನೆ ವರದಾನ.

ಕರೆಂಟ್ ಹೋಗಿ ಬಂದಾಗ ಎಲ್ಲ ಮತ್ತೆ ಜೋಡಿಸಬೇಕೇ ಎಂದರೆ, ಅರ್ಧ ಬೇಕಿಲ್ಲ. ಹೊಸದಾಗಿ ತೆರೆದ ವಿಂಡೋ ತನ್ನ ಹಳೆಯ ಖಾನೆಗೆ ಹೋಗುವ ಸೆಟ್ಟಿಂಗ್ ಇದೆ, ಆದರೆ ಪ್ರೋಗ್ರಾಮ್‌ಗಳನ್ನು ನೀವೇ ತೆರೆಯಬೇಕು. ತೆರೆಯುವುದೂ ಸೇರಿ ಒಂದೇ ಕ್ಲಿಕ್‌ನಲ್ಲಿ ಆಗಬೇಕೆಂದರೆ 2024ರಲ್ಲಿ ಇದೇ ಕಂತೆಗೆ ಸೇರಿದ ವರ್ಕ್‌ಸ್ಪೇಸಸ್ ನೋಡಿ.

ವಿಂಡೋಸ್ 7ಕ್ಕೂ 32 ಬಿಟ್ ಸಿಸ್ಟಮ್‌ಗೂ ಇದು ಬರುವುದಿಲ್ಲ. ಇನ್‌ಸ್ಟಾಲರ್ ನೂರಾರು ಎಂಬಿ ಇರುವುದರಿಂದ ಮೊಬೈಲ್ ಡೇಟಾದವರು ಒಮ್ಮೆ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಲಿ. ಕಂತೆಯ ಉಳಿದ ಸಲಕರಣೆಗಳನ್ನು ಆಫ್ ಮಾಡಿದರೆ ಅವುಗಳ ಶಾರ್ಟ್‌ಕಟ್ ಕೀಗಳು ಅಡ್ಡ ಬರುವುದಿಲ್ಲ. ಅಂಗಡಿಯಲ್ಲಿ ಒಂದೇ ಅಳತೆಯ ನಾಲ್ಕಾರು ಮಾನಿಟರ್ ಇದ್ದರೆ ನಕ್ಷೆಯನ್ನು ಪ್ರತಿಯೊಂದರಲ್ಲೂ ಬರೆಯಬೇಡಿ. ಜನರಲ್ ಪುಟದ ಬ್ಯಾಕಪ್‌ನಿಂದ ಸೆಟ್ಟಿಂಗ್ಸ್ ಉಳಿಸಿ, ಬೇರೆಯವಕ್ಕೆ ನಕಲು ಮಾಡಿ ರಿಸ್ಟೋರ್ ಒತ್ತಿ.