ಬೆಳೆ ಬೆಳೆಯಾಗಿ, ಬೆಲೆ ಬೆಲೆಯಾಗಿ ಉಳಿಯುವ ಕೀಲಿಮಣೆ

‘ಬೆಳೆ ಬಂದರೆ ಬೆಲೆ ಇಲ್ಲ, ಬೆಲೆ ಇದ್ದರೆ ಬೆಳೆ ಇಲ್ಲ.’ ರೈತರ ಈ ಮಾತನ್ನು ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮಾಡಲು ಹೊರಟರೆ ನಾಲ್ಕು ಸಲವೂ ಒತ್ತುವುದು ಬಿ-ಇ-ಎಲ್-ಇ. ಯಾವುದು ಫಸಲು, ಯಾವುದು ದರ ಎನ್ನುವ ತೀರ್ಮಾನ ಮೇಲಿನ ಸಲಹೆ ಪಟ್ಟಿಯ ಪಾಲು. ಪಟ್ಟಿಯಿಂದ ಸರಿಯಾದದ್ದನ್ನು ಆರಿಸಬಹುದು, ನಿಜ. ಆದರೆ ಪ್ರತಿ ಪದಕ್ಕೂ ಕಣ್ಣು ಮೇಲೆ ಕೆಳಗೆ ಓಡಾಡಬೇಕು.

ಕಗಪ (ಕನ್ನಡ ಗಣಕ ಪರಿಷತ್ತು) ಎಂಬ ಕೀಲಿಮಣೆ ವಿನ್ಯಾಸದಲ್ಲಿ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ಅಲ್ಲಿಗೆ ಮುಗಿಯಿತು. ಕೆ.ಪಿ. ರಾವ್ ರೂಪಿಸಿದ ಈ ವಿನ್ಯಾಸ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಜೊತೆ ಸರಕಾರಿ ಕಚೇರಿಗಳಿಗೂ ಡಿಟಿಪಿ ಅಂಗಡಿಗಳಿಗೂ ಹೋಯಿತು. ಕೆ.ಪಿ. ರಾವ್ ಕೀಲಿಮಣೆ ಎಂದರೂ, ನುಡಿ ಕೀಲಿಮಣೆ ಎಂದರೂ ಇದೇ. ವಿಂಡೋಸ್ ಜೊತೆ ಬರುವ ‘ಫೊನೆಟಿಕ್’ ಬೇರೆಯದು, ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಇದರ ಲೆಕ್ಕಾಚಾರ ಕಾಗುಣಿತ ಕಲಿತವರಿಗೆ ಹೊಸದಲ್ಲ. ವ್ಯಂಜನದ ಕೀಲಿಯಲ್ಲಿ ಅಕಾರ ಮೊದಲೇ ಸೇರಿದೆ: ಕೆ ಒತ್ತಿದರೆ ಪೂರ್ತಿ ಕ. ಅದರ ಮೇಲೆ ಸ್ವರ ಒತ್ತಿದರೆ ಕಿ, ಕೆ, ಕೊ. ಅಕಾರ ಕಳೆಯಲು, ಒತ್ತಕ್ಷರ ಕೂಡಿಸಲು ಎಫ್. ‘ಕನ್ನಡ’ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ: ಐದೇ ಒತ್ತು. ಕುಂದಾಪುರದ ‘ಹ್ವಾಯ್’ಗೆ ಎಚ್, ಎಫ್, ವಿ, ಶಿಫ್ಟ್-ಎ, ವೈ, ಎಫ್. ಎಲ್ಲವೂ 26 ಅಕ್ಷರದ ಕೀಲಿಗಳಲ್ಲೇ ಹಿಡಿಸುವುದರಿಂದ ಅಂಕಿ, ಅಲ್ಪವಿರಾಮ, ಆವರಣ ಚಿಹ್ನೆ ಯಾವುದೂ ಜಾಗ ಬಿಟ್ಟು ಕದಲುವುದಿಲ್ಲ. ಇನ್ನೊಂದು ಕೀಲಿಮಣೆ ವಿನ್ಯಾಸವಾದ ಇನ್‌ಸ್ಕ್ರಿಪ್ಟ್‌ನಲ್ಲಿ ಚೌಕ ಆವರಣದ ಕೀಲಿಗೆ ಡ ಬಂದು ಕೂತಿರುತ್ತದೆ. ಲೆಕ್ಕಪತ್ರ ಹೊಡೆಯುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಹೊಸಬರು ಎಡವುವ ಜಾಗಗಳೂ ಗೊತ್ತಿರುವವೇ. ಟ ಇರುವುದು ಕ್ಯೂನಲ್ಲಿ, ಡ ಡಬ್ಲ್ಯೂನಲ್ಲಿ, ಷ ಎಕ್ಸ್‌ನಲ್ಲಿ. ಇಂಗ್ಲಿಷ್ ಉಚ್ಚಾರದ ನೆನಪು ಇಲ್ಲಿ ಕೆಲಸಕ್ಕೆ ಬಾರದು, ಬಾಯಿಪಾಠವೇ ಗತಿ. ಈ ಮೂರಕ್ಕೆ ಎಫ್ ಸೇರಿಸಿ ಒಂದು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿ. ಡಬ್ಬಿ, ಟೊಪ್ಪಿ, ಕಷ್ಟ, ರಾಷ್ಟ್ರ ಮುಂತಾದ ಪದಗಳನ್ನು ದಿನಕ್ಕೆ ಇಪ್ಪತ್ತು ನಿಮಿಷ ಹೊಡೆದರೆ ಎರಡು ವಾರದೊಳಗೆ ಚೀಟಿ ಕಿತ್ತು ಹಾಕಬಹುದು. ಶಿಫ್ಟ್ ಕಾಟ ಮಾತ್ರ ಕೊನೆಯವರೆಗೂ ತಪ್ಪದು. ದೀರ್ಘ, ಮಹಾಪ್ರಾಣ, ಣ, ಳ, ಶ ಎಲ್ಲಕ್ಕೂ ಅದೇ ಬೇಕು, ಕಿರುಬೆರಳು ಸೋಲುತ್ತದೆ. ಶಿಫ್ಟ್ ಒಂದು ಕ್ಷಣ ತಪ್ಪಿದರೆ ‘ಧನಸಹಾಯ’ ಹೋಗಿ ‘ದನಸಹಾಯ’ ಆಗುತ್ತದೆ, ಸುತ್ತೋಲೆಯಲ್ಲಿ ಅಚ್ಚಾದ ಮೇಲೆ ನಗುವವರು ನಗುತ್ತಾರೆ. ಕ್ಯಾಪ್ಸ್ ಲಾಕ್ ಬಿದ್ದಿದ್ದರೆ ‘ಗಡಿ’ ‘ಘಢೀ’ ಆಗುತ್ತದೆ.

ಅರ್ಕಾವತ್ತು ಹಳೆಯ ಟೈಪ್‌ರೈಟರ್ ಕೈಗಳಿಗೆ ತೊಡಕು. ಕಣ್ಣಿಗೆ ಅದು ಯಕಾರದ ಆಚೆ ಕಾಣುತ್ತದೆ, ಎಲ್ಲ ಗಣಕಗಳಿಗೂ ಸಾಮಾನ್ಯವಾದ ಅಕ್ಷರಸಂಕೇತ ಯೂನಿಕೋಡ್‌ನಲ್ಲಿ ಒತ್ತಬೇಕಾದ್ದು ಬಾಯಿ ಹೇಳುವ ಕ್ರಮದಲ್ಲಿ. ‘ಸೂರ್ಯ’ಕ್ಕೆ ಎಸ್, ಶಿಫ್ಟ್-ಯು, ಆರ್, ಎಫ್, ವೈ. ಹಾಗೆಯೇ ಹೊಡೆದರೆ ಪರೀಕ್ಷೆಯ ‘ರ‍್ಯಾಂಕ್’ ಕೂಡ ಅರ್ಕಾವತ್ತು ಹೊತ್ತು ‘ರ್ಯಾಂಕ್’ ಆಗಿಬಿಡುತ್ತದೆ. ರ ಪೂರ್ತಿ ನಿಂತು ಕೆಳಗೆ ಯವೊತ್ತು ಬರಬೇಕಾದರೆ ರ ಮತ್ತು ಎಫ್ ನಡುವೆ ಕಣ್ಣಿಗೆ ಕಾಣದ ಜೋಡಕ (ZWJ) ಸೇರಬೇಕು. ಇದಕ್ಕೆ ವಿರುದ್ಧದ ಕೆಲಸ ಮಾಡುವ ಬೇರ್ಪಡಕವೂ (ZWNJ) ಇದೆ. ಅದಿಲ್ಲದೆ ‘ಬ್ಯಾಂಕ್‌ಗೆ’ ಎಂದು ಹೊಡೆದರೆ ಗ ಹೋಗಿ ಕಕಾರದ ಕಾಲಡಿಗೆ ಒತ್ತಾಗಿ ಕೂರುತ್ತದೆ. ಇವೆರಡಕ್ಕೂ ಯಾವ ಕೀಲಿ ಎನ್ನುವುದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ. ಅನುಸ್ಥಾಪಿಸಿದ ದಿನವೇ ಹುಡುಕಿಟ್ಟುಕೊಳ್ಳಿ. ಇನ್ನೊಂದು ಫಜೀತಿ: ಕಡತದಲ್ಲಿ ಒಂದು ಕಡೆ ಬೇರ್ಪಡಕ ಹಾಕಿ ಇನ್ನೊಂದು ಕಡೆ ಬಿಟ್ಟರೆ ಗಣಕಕ್ಕೆ ಅವು ಎರಡು ಬೇರೆ ಪದ, ಹುಡುಕಿದಾಗ ಅರ್ಧ ಸಿಗದೆ ಹೋಗಬಹುದು.

ಹಳಗನ್ನಡ ಹೊಡೆಯುವವರಿಗೆ ಒಂದು ತಮಾಷೆ. ೞ ಅಕ್ಷರಕ್ಕೆ ಯೂನಿಕೋಡ್ ತಪ್ಪಾಗಿ ‘ಫ’ ಎಂಬರ್ಥದ ಹೆಸರಿಟ್ಟಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅದರ ನಿಯಮ, ಹಾಗಾಗಿ ಪಕ್ಕದಲ್ಲಿ ತಿದ್ದಿದ ಅಡ್ಡಹೆಸರು ಕೊಟ್ಟಿದ್ದಾರೆ. ಚಿಹ್ನೆಗಳ ಪಟ್ಟಿಯಲ್ಲಿ ಹೆಸರು ನೋಡಿ ಹುಡುಕಿದರೆ ದಾರಿ ತಪ್ಪುತ್ತದೆ.

ಈ ಕೀಲಿಮಣೆಯ ದೊಡ್ಡ ಗುಣ, ಅದಕ್ಕೆ ತಾನಾಗಿ ಯಾವ ಕನ್ನಡವೂ ಬಾರದು. ‘ಬರಾಕತ್ತಾರ’ ಎಂದು ಹೊಡೆದರೆ ‘ಬರಾಕತ್ತಾರ’ ಎಂದೇ ಬೀಳುತ್ತದೆ. ‘ಹೊಂಟೀನ್ರಿ’, ‘ಎಂತ ಮಾರಾಯ್ರೆ’, ‘ಬರ್ತೀನಿ ಕಣೋ’ ಎಲ್ಲವೂ ಆಡಿದಂತೆಯೇ ಉಳಿಯುತ್ತವೆ. ಸಲಹೆ ಕೊಡುವ ಸಾಧನಗಳಲ್ಲಿ ‘ಬರುತ್ತಿದ್ದಾರೆ’ ಬೆರಳ ತುದಿಯಲ್ಲೇ ಸಿಗುವಾಗ ‘ಬರಾಕತ್ತಾರ’ಕ್ಕೆ ಅಕ್ಷರ ಅಕ್ಷರ ಹೊಡೆಯುವ ತಾಳ್ಮೆ ಎಷ್ಟು ಜನಕ್ಕೆ? ಮನೆಯಲ್ಲಿ ಧಾರವಾಡದ ಮಾತು, ಮೆಸೇಜಿನಲ್ಲಿ ಪಠ್ಯಪುಸ್ತಕದ ಮಾತು ಆಗುವುದು ಹೀಗೇ. ಅದೇ ಕಾರಣಕ್ಕೆ ಕಾಗುಣಿತದ ತಪ್ಪೂ ಹಾಗೇ ಉಳಿಯುತ್ತದೆ. ತಿದ್ದುವ ಹೊಣೆ ಪೂರ್ತಿ ನಿಮ್ಮದು.

ಫೋನಿನಲ್ಲಿ ನಮ್ಮ ಶಿಫಾರಸು ಅಷ್ಟು ಗಟ್ಟಿಯಲ್ಲ. ಸಣ್ಣ ಗಾಜಿನ ಮೇಲೆ ಪದೇ ಪದೇ ಶಿಫ್ಟ್ ಒತ್ತುವುದು ಹಿಂಸೆ, ಒಂದು ಸಾಲಿನ ಉತ್ತರಕ್ಕೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮಾಡುವ ಲಿಪ್ಯಂತರವೇ ವಾಸಿ. ಒಂದು ಪುಟಕ್ಕಿಂತ ಹೆಚ್ಚು ಬರೆಯುವವರು ಗಣಕಯಂತ್ರದಲ್ಲಿ ಕಣ್ಣು ಮುಚ್ಚಿ ಇದನ್ನು ಆರಿಸಬಹುದು.

ನುಡಿಯಲ್ಲಿ ಹೊಡೆಯುವುದಾದರೆ ಮೊದಲು ಯೂನಿಕೋಡ್ ಆಯ್ಕೆ ಮಾಡಿಕೊಳ್ಳಿ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪ ಹೊದಿಸಿದ ಹಳೆಯ ಆಸ್ಕಿ ಫಾಂಟಿನಲ್ಲೂ ಒತ್ತುವ ಕೀಲಿಗಳು ಇವೇ, ಆದರೆ ಆ ಫಾಂಟ್ ಇಲ್ಲದ ಕಡೆ ಕಡತ ತೆರೆದರೆ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಪರಿವರ್ತಕದಿಂದ ಯೂನಿಕೋಡ್‌ಗೆ ತಂದ ಮೇಲೂ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಒಮ್ಮೆ ಓದಿ ನೋಡಬೇಕು.

ಏನೂ ಅನುಸ್ಥಾಪಿಸದೆ ರುಚಿ ನೋಡಬೇಕೆಂದರೆ ಗಣಕಯಂತ್ರದಲ್ಲಿ ಕನ್ನಡ ವಿಕಿಪೀಡಿಯ ತೆರೆದು ಹುಡುಕು ಪೆಟ್ಟಿಗೆಯ ಮೇಲೆ ಕ್ಲಿಕ್ಕಿಸಿ. ಪಕ್ಕದಲ್ಲಿ ಮೂಡುವ ಕೀಲಿಮಣೆಯ ಚಿಹ್ನೆ ಒತ್ತಿ, ಪಟ್ಟಿಯಲ್ಲಿ ಕಗಪ ಆರಿಸಿ. ಕಂಟ್ರೋಲ್ ಹಿಡಿದು ಎಂ ಒತ್ತಿದರೆ ಮತ್ತೆ ಇಂಗ್ಲಿಷ್. ಮೊದಲ ಪದ ‘ಡಬ್ಬಿ’ ಇರಲಿ: ಡಬ್ಲ್ಯೂ, ಬಿ, ಎಫ್, ಬಿ, ಐ.